ಧ್ಯಾನಕ್ಕೆ ಕುಂತರೆ ಎದೆ ಢವಢವ: ಇದು ಜಾಗೃತಿಯೋ, ಕಾಯಿಲೆಯೋ?

ಪ್ರಶ್ನೆ: ನಾನು ಹುಮನಾಬಾದ್ ತಾಲೂಕಿನ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 41. ಮೂರು ವರ್ಷದಿಂದ ದಿನಾ ನಸುಕಿನ್ಯಾಗ ನಾಲ್ಕೂವರೆಗೆ ಎದ್ದು ಭಸ್ತ್ರಿಕಾ, ಕಪಾಲಭಾತಿ, ಆಮೇಲೆ ಧ್ಯಾನ, ಒಟ್ಟು ಒಂದೂವರೆ ತಾಸು ಮಾಡತೀನಿ. ನಮ್ಮ ತಂದೆ ತೀರಿಕೊಂಡ ಮ್ಯಾಲೆ ಶುರು ಮಾಡಿದ್ದು. ಅವರು ಹೋದಾಗ ನನಗ ಅಳು ಬರಲಿಲ್ಲ. 'ಎಲ್ಲಾ ಮಾಯೆ' ಅಂತ ಸಮಾಧಾನದಿಂದ ಇದ್ದೆ, ಎಲ್ಲರೂ ಹೊಗಳಿದರು. ಈಗ ನಾಲ್ಕು ತಿಂಗಳಿಂದ ಧ್ಯಾನಕ್ಕ ಕುಂತ ಸ್ವಲ್ಪ ಹೊತ್ತಿಗೇ ಎದಿ ಢವಢವ ಅಂತದ, ಕೈಬೆರಳು, ತುಟಿ ಜುಮ್ ಅಂತಾವ, ಸಾಯ್ತೀನೇನೋ ಅಂತ ಗಾಬರಿ ಆಗ್ತದ. ಧ್ಯಾನ ಕಲಿಸಿದವರು 'ಶಕ್ತಿ ಏಳಲಿಕ್ಕತ್ತದ, ಬಿಡಬ್ಯಾಡ' ಅಂತಾರ. ಮನೆಯವರು ಡಾಕ್ಟರಿಗೆ ತೋರಿಸು ಅಂತಾರ, ಗೆಳತಿ ಕೌನ್ಸೆಲಿಂಗ್ ಅಂತಾಳ. ಇದರ ಮ್ಯಾಲೆ ಅತ್ತೆಯವರ ಒಂದು ಮಾತಿಗೆ ಸಿಟ್ಟು ನೆತ್ತಿಗೇರ್ತದ. ಇಷ್ಟು ಸಾಧನೆ ಮಾಡಿಯೂ ಹಿಂಗ್ಯಾಕ? ಕೌನ್ಸೆಲಿಂಗಿಗೆ ಹೋದರ ಹಿಡಿದ ದಾರಿ ತಪ್ಪತದೇನು?

ಉತ್ತರ: ತುಟಿಯಿಂದಲೇ ಶುರು ಮಾಡೋಣ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಂತರೆ ಜೋಮು ಹಿಡಿಯುವುದು ಕಾಲು. ಬೆರಳ ತುದಿ ಮತ್ತು ಬಾಯಿಯ ಸುತ್ತ ಒಟ್ಟಿಗೇ ಜುಮ್ಮೆಂದರೆ ಬಹುಪಾಲು ಅದು ಉಸಿರಿನ ಲೆಕ್ಕ ತಪ್ಪಿದ್ದರ ಗುರುತು. ಭಸ್ತ್ರಿಕಾ, ಕಪಾಲಭಾತಿಯಂಥ ರಭಸದ ಪ್ರಾಣಾಯಾಮದಲ್ಲಿ ಕುಂತಲ್ಲೇ ಕುಂತ ದೇಹಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಒಳಹೊರಗೆ ಆಡಬಹುದು. ಆಗ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ರಕ್ತ ಕ್ಷಾರದ ಕಡೆ ವಾಲುತ್ತದೆ, ನರಗಳನ್ನು ಹದದಲ್ಲಿಡುವ ಕ್ಯಾಲ್ಸಿಯಂ ಅಂಶ ಕಡಿಮೆಯಾಗುತ್ತದೆ. ನರಗಳು ಸಣ್ಣದಕ್ಕೂ ಮಿಡಿಯತೊಡಗುತ್ತವೆ. ತುಟಿ ಜುಮ್ಮೆನ್ನುವುದು ಅದಕ್ಕೇ. ಕೆಲವರಿಗೆ ಬೆರಳು ಸೆಟೆದುಕೊಳ್ಳುವುದೂ ಉಂಟು. ಮೆದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರಾಗುತ್ತದೆ, ಸುತ್ತಲಿನದೆಲ್ಲ ದೂರ ಸರಿದಂತೆ ಅನಿಸುತ್ತದೆ. ಮನಸ್ಸು ತಿಳಿಯಾಗಿದ್ದ ದಿನ ಇದೇ ಅನುಭವಕ್ಕೆ 'ಆನಂದ' ಅಂತ ಹೆಸರು ಬೀಳುತ್ತದೆ, ಅಳುಕಿದ್ದ ದಿನ 'ಸಾವು' ಅಂತ.

ಪರೀಕ್ಷೆ ಸುಲಭ. ಎರಡು ವಾರ ಭಸ್ತ್ರಿಕಾ, ಕಪಾಲಭಾತಿ, ಉಸಿರು ಕಟ್ಟುವ ಕುಂಭಕ ಮೂರನ್ನೂ ಪೂರ್ತಿ ನಿಲ್ಲಿಸಿ. ಕುಂತ ಕೂಡಲೇ ಗಡಿಯಾರ ನೋಡಿ ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ. ಸುಮ್ಮನೆ ಕುಂತ ವಯಸ್ಕರಿಗೆ 12ರಿಂದ 20 ಸಹಜ. ಆಮೇಲೆ ಮೂಗಿನಿಂದಲೇ ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ. ಎಳೆದು ತುಂಬಿಕೊಳ್ಳಬೇಡಿ, ಹೊಟ್ಟೆ ಮೆತ್ತಗೆ ಏಳಬೇಕು ಅಷ್ಟೆ. ಇಲ್ಲಿ ತಪ್ಪುವುದು 'ಆಳವಾಗಿ ಉಸಿರಾಡಿ' ಎಂಬ ಸಲಹೆ ನಂಬಿ ಮತ್ತಷ್ಟು ಗಾಳಿ ಎಳೆಯುವವರು. ಅವರ ಜುಮುಜುಮು ಇನ್ನೂ ಏರುತ್ತದೆ. ಬಾಯಿಗೆ ಕಾಗದದ ಚೀಲ ಹಿಡಿಯುವುದು ಹಳೆಯ ಉಪಾಯ, ಹೃದಯ ಅಥವಾ ಅಸ್ತಮಾ ತೊಂದರೆ ಇದ್ದವರಿಗೆ ಅಪಾಯ, ಅದು ಬೇಡ.

ನಿಮ್ಮ ಮನೆಯವರ ಮಾತನ್ನೂ ತಳ್ಳಿಹಾಕಬೇಡಿ. ಒಂದು ಸಲ ಸಾಮಾನ್ಯ ವೈದ್ಯರ ಹತ್ತಿರ ಹೋಗಿ ಬಿ.ಪಿ., ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ವಿಟಮಿನ್ ಬಿ12 ನೋಡಿಸಿ. ಥೈರಾಯ್ಡ್ ಏರಿದರೂ, ರಕ್ತ ಕಡಿಮೆಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಬಹಳ, ಅದೂ ಕೈಕಾಲು ಜುಮ್ಮೆನ್ನಿಸುತ್ತದೆ. ಮುಟ್ಟಿನಲ್ಲಿ ಏರುಪೇರು ಶುರುವಾಗಿದ್ದರೆ ಅದನ್ನೂ ಹೇಳಿ. ಎದೆನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ, ಕಣ್ಣು ಕತ್ತಲಾಗಿ ಬಿದ್ದರೆ ಧ್ಯಾನದ ವಿಚಾರ ಪಕ್ಕಕ್ಕಿಟ್ಟು ತುರ್ತು ವಿಭಾಗಕ್ಕೆ ಹೋಗಬೇಕು.

ಮತ್ತೊಂದು ಲೆಕ್ಕ: ನಾಲ್ಕೂವರೆಗೆ ಏಳುವವರು ಒಂಬತ್ತೂವರೆ, ಹತ್ತಕ್ಕೆ ಮಲಗಿರಬೇಕು. ಅಡುಗೆಮನೆ ಮುಗಿಸಿ, ಶಾಲೆಯ ಆನ್‌ಲೈನ್ ಮಾಹಿತಿ ತುಂಬಿ ಹನ್ನೊಂದಕ್ಕೆ ಅಡ್ಡಾದರೆ ಸಿಗುವುದು ಐದೂವರೆ ತಾಸು. ಅದರ ಮೇಲೆ ಖಾಲಿ ಹೊಟ್ಟೆಗೆ ಖಡಕ್ ಚಹಾ. ನಿದ್ದೆಗೆಟ್ಟ ನರಮಂಡಲಕ್ಕೆ ಗಾಬರಿ ಹುಟ್ಟಿಸಲು ಇಷ್ಟು ಸಾಕು, ಶಕ್ತಿ ಏಳಬೇಕೆಂದೇನಿಲ್ಲ. ನಿದ್ದೆ ಕದ್ದು ಮಾಡಿದ್ದನ್ನು ಸಾಧನೆಯ ಖಾತೆಗೆ ಬರೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ತಪಾಸಣೆಯಲ್ಲಿ ಎಲ್ಲ ಸರಿ ಬಂದರೆ ನೀವು ವಿವರಿಸಿದ್ದು ಪ್ಯಾನಿಕ್ ಅಟ್ಯಾಕಿಗೆ ಹೊಂದುತ್ತದೆ. ಅದು ಕೆಲವೇ ನಿಮಿಷದಲ್ಲಿ ಏರಿ, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ತಾಸಿನೊಳಗೆ ಇಳಿಯುತ್ತದೆ. ಅದರಿಂದ ಯಾರೂ ಸಾಯುವುದಿಲ್ಲ. ಆದರೆ ಮೆದುಳು ಜಾಣ: ನಾಲ್ಕು ಸಲ ಒಂದೇ ಜಾಗದಲ್ಲಿ ಗಾಬರಿಯಾದರೆ ಐದನೇ ಸಲ ಚಾಪೆ ಹಾಸುವಾಗಲೇ ಎದೆ ಹೊಡೆದುಕೊಳ್ಳುತ್ತದೆ. ನಿಮ್ಮ ಗುರುಗಳ 'ಬಿಡಬ್ಯಾಡ' ಅರ್ಧ ಸರಿ ಎನ್ನುವುದು ಇದಕ್ಕೇ. ಹೆದರಿ ಪೂರ್ತಿ ಬಿಟ್ಟರೆ ಹೆದರಿಕೆಯೇ ಗೆದ್ದಂತೆ. ಅದೇ ಪ್ರಮಾಣದಲ್ಲಿ ಮುಂದುವರಿಸಿದರೆ ದಿನಾ ಗಾಬರಿಯ ಪಾಠ ಒಪ್ಪಿಸಿದಂತೆ.

ಆದ್ದರಿಂದ ಪ್ರಮಾಣ ಇಳಿಸಿ. ಒಂದೂವರೆ ತಾಸಿನ ಬದಲು 15 ನಿಮಿಷ, ಬೆಳಕು ಹರಿದ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಕಣ್ಣು ತೆರೆದು. ಕಣ್ಣು ಮುಚ್ಚಿದಾಗ ಗಮನವೆಲ್ಲ ಎದೆಬಡಿತಕ್ಕೇ ಹೋಗಿ ಅಂಟಿಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಇಷ್ಟಲಿಂಗ ಪೂಜೆಯ ಪದ್ಧತಿ ಇದ್ದರೆ ಹೊಸದೇನೂ ಹುಡುಕಬೇಕಿಲ್ಲ. ಎಡ ಅಂಗೈಯಲ್ಲಿ ಲಿಂಗವಿಟ್ಟು ದಿಟ್ಟಿಸುವುದು ಕಣ್ಣು ತೆರೆದೇ ಮಾಡುವ ಧ್ಯಾನ, ಈ ಹೊತ್ತಿಗೆ ನಿಮಗೆ ಅದೇ ತಕ್ಕದ್ದು. ಇಲ್ಲದಿದ್ದರೆ ಅಂಗಳದಲ್ಲಿ ನಿಧಾನ ನಡೆಯುತ್ತ ಅಂಗಾಲು ನೆಲ ಮುಟ್ಟುವುದನ್ನು ಗಮನಿಸಿ. ವಾರದ ಏಳರಲ್ಲಿ ಐದು ದಿನ ನಿರಾಳವಾಗಿ ಕಳೆದರೆ ಮುಂದಿನ ವಾರ ಐದು ನಿಮಿಷ ಹೆಚ್ಚಿಸಿ. ಗಾಬರಿಯ ಅಲೆ ಎದ್ದಾಗ ಎದ್ದು ಓಡಬೇಡಿ. ಎರಡೂ ಪಾದ ಶಹಾಬಾದ್ ಫರಸಿಯ ಮೇಲೆ ಊರಿ, ಹಿಮ್ಮಡಿ ಒತ್ತಿ, ಕಲ್ಲಿನ ತಂಪು ಕಾಲಿಗೆ ಹತ್ತುವುದನ್ನು ನೋಡಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಬಾಯಿಬಿಟ್ಟು ಹೇಳಿ: ಬಾಗಿಲು, ಕೊಡ, ಕ್ಯಾಲೆಂಡರ್, ಹೀಗೆ. ಅಲೆ ಇಳಿಯಿತೆಂದು ಗೊತ್ತಾದ ಮೇಲೆ ಏಳಿ.

ಇನ್ನು 'ಜಾಗೃತಿಯೋ ಕಾಯಿಲೆಯೋ' ಎಂಬ ಮುಖ್ಯ ಪ್ರಶ್ನೆ. ವೈದ್ಯರೆಲ್ಲ ದೇವರ ಅನುಭವವನ್ನು ಹುಚ್ಚೆಂದೇ ಬರೆದುಕೊಳ್ಳುತ್ತಾರೆ ಎಂಬ ಭಯ ಜನರಲ್ಲಿದೆ, ಅದು ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಆದರೆ 1994ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಾದ ಡಿಎಸ್‌ಎಂ ನಾಲ್ಕನೆಯ ಆವೃತ್ತಿಯಲ್ಲಿ 'ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ' ಎಂಬ ವಿಭಾಗ ಸೇರಿತು. ಇದು ರೋಗವಲ್ಲ, ಆದರೂ ನೆರವು ಬೇಕಾಗಬಹುದು ಎಂಬ ಅರ್ಥದಲ್ಲಿ. ತರಬೇತಾದ ಚಿಕಿತ್ಸಕರು 'ಬೆಳಕು ಕಂಡೆ' ಎಂದ ಮಾತ್ರಕ್ಕೆ ಗುಳಿಗೆ ಬರೆಯುವುದಿಲ್ಲ. ನಾವು ನೋಡುವುದು ಅನುಭವ ಎಷ್ಟು ವಿಚಿತ್ರ ಎಂಬುದನ್ನಲ್ಲ, ಅದರ ನಂತರದ ಬದುಕು ಹೇಗಿದೆ ಎಂಬುದನ್ನು.

ತಡ ಮಾಡದೆ ಮನೋವೈದ್ಯರನ್ನು ಕಾಣಬೇಕಾದ ಗುರುತುಗಳು ಇವು. ದಿನಗಟ್ಟಲೆ ಎರಡು ಮೂರು ತಾಸು ಮಲಗಿಯೂ ದಣಿವೇ ಇಲ್ಲದಿರುವುದು, ಮಾತು ನಿಲ್ಲದಿರುವುದು, ಸಾಲ ಮಾಡಿ ದಾನ ಕೊಡುವುದು, ತನಗೊಂದು ವಿಶೇಷ ಅವತಾರಕಾರ್ಯ ಇದೆ ಎನಿಸುವುದು. ಇದು 'ಎಚ್ಚರ' ಆಯಿತೆಂದು ಸುತ್ತಲಿನವರು ಕಾಲಿಗೆ ಬಿದ್ದದ್ದೂ, ವಾರದಲ್ಲಿ ಅದು ಮೇನಿಯಾ (ಮನಸ್ಸು ಮಿತಿಮೀರಿ ಉಬ್ಬುವ ಕಾಯಿಲೆ) ಎಂದು ಗೊತ್ತಾದದ್ದೂ ಉಂಟು. ಕೆಲಸ ಮಾಡೆಂದು ಅಪ್ಪಣೆ ಕೊಡುವ ಧ್ವನಿ, ಊಟ ಬಿಟ್ಟು ಕೂಡುವುದು, 'ಈ ದೇಹ ಯಾಕೆ ಬೇಕು' ಎಂಬ ಯೋಚನೆ, ನಡೆಯುತ್ತಿದ್ದ ಮಾತ್ರೆಗಳನ್ನು ಯಾರದೋ ಮಾತಿಗೆ ನಿಲ್ಲಿಸುವುದು ಕೂಡ ಹಾಗೆಯೇ. 'ನಾನು ಇಲ್ಲ, ಎಲ್ಲ ಸಿನಿಮಾ ಇದ್ದಂತಿದೆ' ಎಂಬ ಅನಿಸಿಕೆ ಭಯ ತರುತ್ತಿದ್ದರೆ, ಮಕ್ಕಳನ್ನು ಎತ್ತಿಕೊಂಡರೂ ಪ್ರೀತಿ ಹುಟ್ಟದಂತಿದ್ದರೆ ಅದನ್ನು ಅಹಂ ಕರಗಿದ್ದು ಅಂದುಕೊಳ್ಳಬೇಡಿ. ಅದೂ ಒಂದು ತೊಂದರೆ, ಹೆಸರಿದೆ, ಚಿಕಿತ್ಸೆ ಇದೆ. ನಿಮ್ಮ ಪತ್ರದಲ್ಲಿ ಇವು ಯಾವುವೂ ಕಾಣಲಿಲ್ಲ. ಹೊಸದಾಗಿ ಬಂದರೆ ಕಾಯಬೇಡಿ.

ಈಗ ತಂದೆಯವರ ವಿಷಯ. ಪತ್ರದ ಗಂಟು ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಅಳದವರೆಲ್ಲ ದುಃಖ ಬಚ್ಚಿಟ್ಟವರಲ್ಲ, ಕೆಲವರ ಸ್ವಭಾವವೇ ಹಾಗೆ. ಆದರೆ ನೀವು ಶಿಕ್ಷಕಿ, ಹಾಜರಿ ಪುಸ್ತಕ ಬಲ್ಲವರು: ತರಗತಿಯಲ್ಲಿ ಸದ್ದು ಮಾಡದೆ ಎಲ್ಲ ನೋಡುತ್ತ ಕುಂತ ಹುಡುಗ ಬೇರೆ, ಬಾರದೇ ಇದ್ದ ಹುಡುಗ ಬೇರೆ. ಇಬ್ಬರಿಂದಲೂ ಗಲಾಟೆ ಇಲ್ಲ. ಸಾಕ್ಷಿಭಾವ ಎಂದರೆ ದುಃಖ ಬಂದು ಕುಂತಿರುತ್ತದೆ, ನೀವೂ ಕುಂತು ಅದನ್ನು ನೋಡುತ್ತೀರಿ. ಗೈರುಹಾಜರಿ ಎಂದರೆ ದುಃಖ ಬಂದಿದೆ, ನೀವೇ ಅಲ್ಲಿಲ್ಲ. ಹೊರಗಿನಿಂದ ನೋಡಿ ಹೊಗಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯಲು ಒಂದು ಉಪಾಯ: ತಂದೆಯವರ ಬಗ್ಗೆ ಐದು ನಿಮಿಷ ಬಿಡಿಬಿಡಿಯಾಗಿ ಮಾತಾಡಿ ನೋಡಿ. ಅವರ ಧೋತರದ ಅಂಚು, ಕೆಮ್ಮು, ಕೊನೆಯ ಸಲ ಫೋನಿನಲ್ಲಿ ಅಂದ ಮಾತು. ಬಾಯಿಗೆ ಬರುವುದು 'ಆತ್ಮಕ್ಕೆ ಸಾವಿಲ್ಲ' ಎಂಬ ದೊಡ್ಡ ಮಾತೇ ಆಗಿದ್ದು, ಧೋತರದ ಹತ್ತಿರ ಬಂದ ಕೂಡಲೇ ಮಾತು ಬೇರೆಡೆ ಹೊರಳಿದರೆ, ಅವರ ನಂಬರನ್ನು ಅಳಿಸಲೂ ಆಗದೆ ನೋಡಲೂ ಆಗದೆ ಮೂರು ವರ್ಷ ಕಳೆದಿದ್ದರೆ, ಅದು ಗೈರುಹಾಜರಿ.

ಅಮೆರಿಕದ ಮನೋಚಿಕಿತ್ಸಕ, ಬೌದ್ಧ ಸಾಧಕ ಜಾನ್ ವೆಲ್‌ವುಡ್ 1980ರ ದಶಕದಲ್ಲಿ ಇದಕ್ಕೆ 'ಸ್ಪಿರಿಚುಯಲ್ ಬೈಪಾಸಿಂಗ್' ಎಂದು ಹೆಸರಿಟ್ಟರು. ಊರೊಳಗಿನ ಕಿರಿದಾದ ಓಣಿಗಳನ್ನು ತಪ್ಪಿಸಿ ಬೈಪಾಸ್ ರಸ್ತೆಯಲ್ಲಿ ಹೋದ ಹಾಗೆ, ನೋವಿನ ಓಣಿ ಹೊಗದೆ ಅಧ್ಯಾತ್ಮದ ಹೆದ್ದಾರಿ ಹಿಡಿಯುವುದು. ಹೀಗೆ ಮಾಡುವವರು ಕಳ್ಳರಲ್ಲ, ನಿಜಕ್ಕೂ ಶ್ರದ್ಧೆಯುಳ್ಳವರು. ಆದರೆ ಅವರಿಗೆ 'ಇಲ್ಲ' ಎನ್ನಲು ಬರುವುದಿಲ್ಲ, ಕ್ಷಮೆ ತೀರ ಬೇಗ ಬಂದುಬಿಡುತ್ತದೆ, ಮುಖ ಶಾಂತವಾಗಿದ್ದು ಹೊಟ್ಟೆಯಲ್ಲಿ ಉರಿ, ಕುತ್ತಿಗೆಯಲ್ಲಿ ನೋವು. ಮನೆಯಲ್ಲಿ ಧ್ಯಾನ ಮಾಡದವರನ್ನು ಕಂಡರೆ 'ಇನ್ನೂ ಅಜ್ಞಾನದಾಗ ಇದ್ದಾರ' ಎಂಬ ಸಣ್ಣ ತಿರಸ್ಕಾರ. ಎಲ್ಲೋ ಒಂದು ಕಡೆ ಮುಚ್ಚಳ ಹಾರುತ್ತದೆ. ನಿಮ್ಮಲ್ಲಿ ಅದು ಅತ್ತೆಯವರ ಮುಂದೆ ಹಾರುತ್ತಿದೆ.

ನಮ್ಮ ಭಾಗದ ಹೆಣ್ಣುಮಕ್ಕಳು ಸತ್ತವರ ಗುಣ ಹೇಳಿಕೊಂಡು, ಹಾಡಿ ಅಳುವುದನ್ನು ನೀವು ನೋಡಿರುತ್ತೀರಿ. ಓದಿದವರಿಗೆ ಅದು ಹಿಂದುಳಿದದ್ದಾಗಿ ಕಾಣುತ್ತದೆ, ಚಿಕಿತ್ಸಕರ ಕಣ್ಣಿಗೆ ದುಃಖವನ್ನು ಅದರಷ್ಟು ಹೊಂದಿಸಿ ಹೊರಹಾಕುವ ಕೆಲಸ ಕಡಿಮೆ. ನೀವು ಹಾಡಬೇಕಿಲ್ಲ. ವಾರಕ್ಕೆ ಎರಡು ಸಲ, 20 ನಿಮಿಷ, ತಂದೆಯವರ ಒಂದೇ ವಸ್ತು ಅಥವಾ ಒಂದೇ ದಿನದ ಬಗ್ಗೆ ಅವರಿಗೇ ಹೇಳಿದ ಹಾಗೆ ಬರೆಯಿರಿ. ಮಲಗುವ ಮುಂಚೆ ಬೇಡ, ನಿದ್ದೆ ಕೆಡುತ್ತದೆ. ಸಮಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ ಕೈಗೆ ಕೆಲಸ ಕೊಡಿ, ಬಟ್ಟೆ ಮಡಚುವುದೋ ಜೋಳ ಹಸನು ಮಾಡುವುದೋ. ಅಳು ಬರಲೇಬೇಕೆಂದು ಕಾಯಬೇಡಿ, ಬಂದರೆ ನಿಲ್ಲಿಸಬೇಡಿ.

ಸಿಟ್ಟಿಗೆ ಬೇರೆ ಪಾಠ. ಒಲೆ ಮುಂದೆ ನಿಂತಿದ್ದೀರಿ, ಅತ್ತೆಯವರು "ಧ್ಯಾನದಾಗ ಭಾಳ ಮುಂದ ಹೋಗ್ಯಾಳ, ರೊಟ್ಟಿ ಮಾತ್ರ ಹೊತ್ತಾವ" ಅಂದರು ಎಂದಿಟ್ಟುಕೊಳ್ಳಿ. ಆ ದಿನ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಎಳೆಯಿರಿ: ಏನಾಯಿತು, ಮೈಯಲ್ಲಿ ಎಲ್ಲಿ ಏನಾಯಿತು, ಆ ಕ್ಷಣ ತಲೆಯಲ್ಲಿ ಹಾದುಹೋದ ವಾಕ್ಯ ಯಾವುದು, ನಾನೇನು ಮಾಡಿದೆ. ಮೂರನೇ ಕಲಂ ಕಷ್ಟ. ಮೊದಮೊದಲು ಅಲ್ಲಿ 'ಅವರ ಸ್ವಭಾವವೇ ಹಂಗ' ಅಂತ ಬರೆಯುತ್ತೀರಿ. ಅದು ಆಮೇಲೆ ಮಾಡಿದ ತೀರ್ಪು, ಆ ಕ್ಷಣದ ವಾಕ್ಯವಲ್ಲ. ಎರಡು ವಾರದ ಪುಟಗಳನ್ನು ಒಟ್ಟಿಗೆ ಓದಿದಾಗ ಒಂದೇ ವಾಕ್ಯ ಬೇರೆ ಬೇರೆ ಸೀರೆ ಉಟ್ಟು ಬಂದಿರುವುದು ಬಹಳ ಸಲ ಕಾಣುತ್ತದೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ ಅರಿವಿನ ಚಿಕಿತ್ಸೆ ಹಿಡಿಯಲು ಹೊರಟದ್ದು ಇಂಥ ವಾಕ್ಯಗಳನ್ನೇ.

ವಾಕ್ಯ ಸಿಕ್ಕ ಮೇಲೆ ಅದನ್ನು ಮೈಗೆ ಹಚ್ಚಿ ನೋಡಬೇಕು. ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ತತ್ವಜ್ಞಾನಿ, ಮನಶ್ಶಾಸ್ತ್ರಜ್ಞ ಯೂಜೀನ್ ಜೆಂಡ್ಲಿನ್ ಮತ್ತು ಸಂಗಡಿಗರು ಚಿಕಿತ್ಸೆಯ ಮಾತುಕತೆಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡದ್ದು ಇದು: ಗುಣವಾಗುವವರು ನಿರರ್ಗಳವಾಗಿ ಮಾತಾಡುವವರಲ್ಲ, ನಡುವೆ ತಡೆದು, ಒಳಗೆ ಏನೋ ಅಸ್ಪಷ್ಟವಾದದ್ದನ್ನು ಮುಟ್ಟಿ ನೋಡಿ ಪದ ಹುಡುಕುವವರು. ಹತ್ತು ನಿಮಿಷ ಬಿಡುವು ಮಾಡಿಕೊಂಡು ಆ ರೊಟ್ಟಿಯ ಕ್ಷಣ ನೆನೆಯಿರಿ. ಗಂಟಲು, ಎದೆ, ಹೊಟ್ಟೆ, ಎಲ್ಲಿ ಬಿಗಿಯಿತು? ಎದೆಯ ನಡುವೆ ಅಂತಿಟ್ಟುಕೊಳ್ಳಿ, ಕಲ್ಲಿಟ್ಟಂಗ. ಅದಕ್ಕೊಂದು ಪದ ಕೊಟ್ಟು ನೋಡಿ. 'ಸಿಟ್ಟು'? ಕಲ್ಲು ಅಲುಗಲಿಲ್ಲ. 'ಅವಮಾನ'? ಹತ್ತಿರ, ಆದರೂ ಅದಲ್ಲ. ಸುಮ್ಮನೆ ಕಾದಿರಿ. 'ನಾ ಎಷ್ಟು ಮಾಡಿದರೂ ಲೆಕ್ಕಕ್ಕಿಲ್ಲ'. ಸರಿಯಾದ ಪದ ಬಿದ್ದಾಗ ದೇಹ ತಾನೇ ಹೇಳುತ್ತದೆ: ಒಂದು ಉದ್ದನೆಯ ಉಸಿರು, ಹೆಗಲು ಇಳಿಯುವುದು, ಕೆಲವೊಮ್ಮೆ ಕಣ್ಣಲ್ಲಿ ನೀರು. ಅಲ್ಲಿಗೆ ನಿಲ್ಲಿಸಿ. ಕೂಡಲೇ 'ಇದೂ ನನ್ನ ಕರ್ಮ' ಎಂದು ವಿವರಣೆಗೆ ಹಾರಿದರೆ ಬಾಗಿಲು ಮತ್ತೆ ಮುಚ್ಚುತ್ತದೆ. ಹೇಳಲೇಬೇಕಾದ ಇನ್ನೊಂದು: ಸಿಟ್ಟೆಲ್ಲ ಅಹಂಕಾರವಲ್ಲ. ಮನೆಗೆಲಸ ನಿಜವಾಗಿಯೂ ಒಬ್ಬರ ಮೇಲೇ ಬಿದ್ದಿದ್ದರೆ ಸಿಟ್ಟು ಸರಿಯಾದ ಸುದ್ದಿಯನ್ನೇ ತಂದಿದೆ. ಅದಕ್ಕೆ ಬೇಕಾದ್ದು ಮನೆಯವರೊಡನೆ ಕುಂತು ಕೆಲಸ ಹಂಚಿಕೊಳ್ಳುವ ಮಾತು.

ಕೌನ್ಸೆಲಿಂಗ್ ಎಂದರೆ ಉಪದೇಶವಲ್ಲ. ವಾರಕ್ಕೊಮ್ಮೆ 45-50 ನಿಮಿಷ. ಮೊದಲ ಎರಡು ಮೂರು ಭೇಟಿ ವಿಷಯ ತಿಳಿದುಕೊಳ್ಳಲು. ಗಾಬರಿಗೆ ಅರಿವಿನ-ವರ್ತನೆಯ ಚಿಕಿತ್ಸೆಯಾದರೆ ಸಾಮಾನ್ಯವಾಗಿ 8ರಿಂದ 16 ಭೇಟಿ, ನಡುವೆ ಮನೆಯಲ್ಲಿ ಮಾಡುವ ಅಭ್ಯಾಸ ಕೊಡುತ್ತಾರೆ. ಮೂರು ತರಹದವರಿದ್ದಾರೆ: ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಸಂಖ್ಯೆ ಕೇಳುವುದು ಅಮರ್ಯಾದೆಯಲ್ಲ. 'ಕೌನ್ಸೆಲರ್' ಎಂಬ ಬೋರ್ಡನ್ನು ಮಾತ್ರ ವಾರದ ಕೋರ್ಸು ಮುಗಿಸಿದವರೂ ಹಾಕಿಕೊಳ್ಳುತ್ತಾರೆ, ಏನು ಓದಿದ್ದಾರೆ ಕೇಳಿ. ನಿಮಗೆ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬೀದರಿನ ಬ್ರಿಮ್ಸ್ ಅಥವಾ ಕಲಬುರಗಿಯ ಜಿಮ್ಸ್, ಯಾದಗಿರಿ ಕಡೆಯವರಿಗೆ ಅಲ್ಲಿನದು. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ಭೇಟಿ ಇರುತ್ತದೆ. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಊರವರ ಕಣ್ಣಿಗೆ ಬೀಳುವ ಸಂಕೋಚ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, 2022ರಿಂದ ಇದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ನಿಮ್ಮ ಮಾಹಿತಿ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಅವರ ಕರ್ತವ್ಯ. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭಗಳಷ್ಟೇ ಅದಕ್ಕೆ ಹೊರತು.

ಮಾತ್ರೆ ಬರೆದರೆ ಧ್ಯಾನ ಕೆಡುತ್ತದೆಂಬ ಅಂಜಿಕೆ ಬೇಡ. ಗಾಬರಿಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಿ ಹಿಡಿಯಲು ಎರಡರಿಂದ ಆರು ವಾರ ಬೇಕು, ಚಟ ಹತ್ತುವಂಥದ್ದಲ್ಲ, ಆದರೆ ಒಮ್ಮೆಲೇ ನಿಲ್ಲಿಸಬಾರದು. ಅಲ್ಪ್ರಜೋಲಾಂನಂಥ ಆತಂಕ ತಗ್ಗಿಸುವ ಗುಳಿಗೆ ಮಾತ್ರ ಕೆಲವೇ ವಾರಕ್ಕಿಂತ ಹೆಚ್ಚು ಮುಂದುವರಿದರೆ ಅಂಟಿಕೊಳ್ಳುತ್ತದೆ, ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೇಳಿ ತರಬೇಡಿ. ಕಲಬುರಗಿಯ ಬಂದೇನವಾಜ್ ದರ್ಗಾದ ಓಣಿಯವರು ಅನ್ನುವ ಹಾಗೆ ದವಾನೂ (ಔಷಧಿ) ಇರಲಿ, ದುವಾನೂ (ಪ್ರಾರ್ಥನೆ) ಇರಲಿ.

ದಾರಿ ತಪ್ಪುತ್ತದೆಯೇ? ಚಿಕಿತ್ಸೆ ನಿಮಗೆ ಜಾಗೃತಿ ತಂದುಕೊಡುವುದಿಲ್ಲ, ಹಾಗೆಂದು ಹೇಳುವ ಚಿಕಿತ್ಸಕರಿದ್ದರೆ ಎದ್ದು ಬನ್ನಿ. ಅದು ಮಾಡುವುದು ಗೈರುಹಾಜರಾದ ನಿಮ್ಮನ್ನು ಮನೆಗೆ ಕರೆತರುವ ಕೆಲಸ. ನೀವಿರುವ ಜಿಲ್ಲೆಯಲ್ಲೇ ಬಸವಕಲ್ಯಾಣ ಇದೆ, ಶರಣರು ಹೇಳಿದ ಸಾಧನೆಯ ಆರು ಮೆಟ್ಟಿಲು, ಷಟ್‌ಸ್ಥಲ, ನಿಮಗೆ ಗೊತ್ತಿರಬಹುದು: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಐಕ್ಯ ಕೊನೆಗಿದೆ. ಕಾಯಕ, ದಾಸೋಹ, ನಡೆನುಡಿ ಎಲ್ಲ ಕೇಳುವುದು ಮೊದಲ ಮೆಟ್ಟಿಲಿನಲ್ಲೇ. 'ಎಲ್ಲಾ ಮಾಯೆ' ಎಂಬಂಥ ದೊಡ್ಡ ಮಾತು ಸಲ್ಲುವುದಿದ್ದರೆ ಕೊನೆಯ ಮೆಟ್ಟಿಲಿನವರಿಗೆ. ತಂದೆ ಸತ್ತ ವಾರದಲ್ಲಿ ಅದನ್ನು ಮೊದಲ ಮೆಟ್ಟಿಲಿನಲ್ಲಿ ನಿಂತು ಎರವಲು ತಂದರೆ ಕಾಲು ಜಾರುತ್ತದೆ.

ನಿಮಗೆ ಧ್ಯಾನ ಕಲಿಸಿದವರಿಗೆ ಲಕ್ಷಣಗಳನ್ನೆಲ್ಲ ಬಿಡಿಸಿ ಹೇಳಿ, ಸಾಧನೆ 15 ನಿಮಿಷಕ್ಕೆ ಇಳಿಸುತ್ತೇನೆ, ಡಾಕ್ಟರಿಗೂ ತೋರಿಸುತ್ತೇನೆ ಅನ್ನಿ. 'ತೋರಿಸಮ್ಮಾ, ಆಮೇಲೆ ಬಾ' ಎಂದರೆ ಅವರ ಹತ್ತಿರ ಧೈರ್ಯವಾಗಿ ಮುಂದುವರಿಯಿರಿ. ವೈದ್ಯರ ಹೆಸರಿಗೆ ಮುನಿದರೆ, ಗುಟ್ಟು ಮಾಡಲು ಹೇಳಿದರೆ, ಹೆಚ್ಚು ಹಣದ ಮುಂದಿನ ಶಿಬಿರ ತೋರಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಚಿಕಿತ್ಸಕರ ಮೊದಲ ಭೇಟಿಗೆ ಮನೆಯವರನ್ನು ಕರೆದುಕೊಂಡು ಹೋಗಿ. ಮೊದಲ ಹತ್ತು ನಿಮಿಷ ಅವರು ಕಂಡದ್ದನ್ನು ಹೇಳಲಿ, ಆಮೇಲೆ ಹೊರಗೆ ಬೆಂಚಿನ ಮೇಲೆ ಕುಂತಿರಲಿ. ಜೊತೆಗೆ ರಕ್ತಪರೀಕ್ಷೆಯ ಚೀಟಿ, ಆ ನಾಲ್ಕು ಕಲಂ ಪುಸ್ತಕ, ಮತ್ತು ಎದೆ ಹೊಡೆದುಕೊಂಡ ದಿನ, ವೇಳೆ, ಎಷ್ಟು ನಿಮಿಷ, ಅದಕ್ಕೂ ಮುಂಚೆ ಎಷ್ಟು ತಾಸು ಮಲಗಿದ್ದಿರಿ ಎಂಬ ಎರಡು ವಾರದ ಟಿಪ್ಪಣಿ ಒಯ್ಯಿರಿ. ತಂದೆಯವರ ಮಾತು ಮೊದಲ ದಿನವೇ ತೆಗೆಯಬೇಕೆಂದಿಲ್ಲ. 'ಒಂದು ವಿಷಯ ಅದ, ಇವತ್ತು ಹೇಳಲಿಕ್ಕ ಆಗೂದಿಲ್ಲ' ಎಂದು ಅಷ್ಟೇ ಹೇಳಿಟ್ಟು ಬಂದರೂ ಚಿಕಿತ್ಸಕರಿಗೆ ತಿಳಿಯುತ್ತದೆ.